ಹುಲ್ಲುಹಾಸಿನ ಮೇಲೆ ಮೂರು ಟರ್ಕಿಗಳು

ಕನ್ನಡ ಎಂ.ಎ. ಮುಗಿಸಿದ ಮೇಲೆ ನನಗೆ ಮೊದಲು ಸಿಕ್ಕ ಕೆಲಸ ಟರ್ಕಿ ಕೋಳಿ ಸಾಕುವ ಕಂಪನಿಯಲ್ಲಿ. ಮೊಟ್ಟೆ ಹಾಕಿದ ಕೇಕನ್ನೂ ಗೇಟಿನಾಚೆ ನಿಂತು ತಿಂದು ಬರಬೇಕಾದ ಮನೆ ನಮ್ಮದು. ಹಾಗಾಗಿ ಅಮ್ಮನಿಗೆ 'ಆಗ್ರೋ ಕಂಪನಿ' ಎಂದಷ್ಟೇ ಹೇಳಿದ್ದೆ. ಅವಳು ಅದನ್ನು ಗೊಬ್ಬರದ ಕಂಪನಿ ಎಂದುಕೊಂಡು ಶಿವಮೊಗ್ಗದ ವಿದ್ಯಾನಗರದ ನಮ್ಮ ಬೀದಿಗೆಲ್ಲ ಹಾಗೇ ಸಾರಿದಳು. ಅದು ಪೂರ್ತಿ ಸುಳ್ಳೂ ಅಲ್ಲ. ಕಂಪನಿ ಗೊಬ್ಬರವನ್ನೂ ಮಾರುತ್ತಿತ್ತು. ಅದನ್ನು ತಯಾರಿಸುತ್ತಿದ್ದವರು ಯಾರು ಎಂಬುದನ್ನು ಮಾತ್ರ ನಾನು ಬಿಡಿಸಿ ಹೇಳಿರಲಿಲ್ಲ.

ಫಾರಂ ಇದ್ದದ್ದು ಭದ್ರಾವತಿಯಿಂದ ಶಂಕರಘಟ್ಟಕ್ಕೆ ಹೋಗುವ ದಾರಿಯಲ್ಲಿ. ಎರಡು ವರ್ಷ ವಿದ್ಯಾರ್ಥಿನಿಯಾಗಿ ಓಡಾಡಿದ್ದ ಅದೇ ಬಸ್ಸು. ಈಗ ಯೂನಿವರ್ಸಿಟಿಗಿಂತ ನಾಲ್ಕು ಸ್ಟಾಪು ಮೊದಲೇ ಇಳಿಯುತ್ತಿದ್ದೆ. ಸಾಲಾಗಿ ನಿಂತ ಉದ್ದುದ್ದ ಶೆಡ್ಡುಗಳು, ಅವುಗಳಾಚೆ ಆಫೀಸು. ಬೆಂಗಳೂರು, ಗೋವೆಯ ದೊಡ್ಡ ಹೋಟೆಲುಗಳಿಗೆ ಇಲ್ಲಿಂದಲೇ ಮಾಂಸ ಹೋಗುತ್ತಿತ್ತು. ಕ್ರಿಸ್‌ಮಸ್ ಹತ್ತಿರವಾದರೆ ಫೋನುಗಳಿಗೆ ಬಿಡುವಿರುತ್ತಿರಲಿಲ್ಲ.

ಯಜಮಾನಿಗೆ ಅರವತ್ತರ ಆಸುಪಾಸು. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿ. ಒಂದು ಕಾಲಕ್ಕೆ ಕಾರ್ಖಾನೆಯೊಂದರ ಕ್ಯಾಂಟೀನನ್ನು ಗುತ್ತಿಗೆಗೆ ಹಿಡಿದಿದ್ದವರು. ಕ್ಯಾಂಟೀನಿಗೆ ಬರುವವರು ಕಡಿಮೆಯಾದ ಮೇಲೆ ಹಿತ್ತಲಲ್ಲಿ ಟರ್ಕಿ ಸಾಕಲು ಶುರುಮಾಡಿ, ನೋಡನೋಡುತ್ತ ಜಿಲ್ಲೆಯಲ್ಲೇ ದೊಡ್ಡವರಾದರು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಬೈದು ಬರೆದಿರೋ ಕಾಗದಕ್ಕೆ ಬೈಯದೆ ಉತ್ತರ ಬರೀತೀಯೇನಮ್ಮಾ?"

ಬರೆಯುತ್ತೇನೆ ಎಂದೆ. ಅದೇ ನನ್ನ ಕೆಲಸವಾಯಿತು. ದೂರುಗಳಲ್ಲಿ ಹೆಚ್ಚಿನವು ವಾಸನೆಯವು, ಉಳಿದವು ಸದ್ದಿನವು. ಟರ್ಕಿಗಳಿಗೆ ಒಂದು ಸ್ವಭಾವವಿದೆ. ಎಲ್ಲಿಯಾದರೂ ಗಟ್ಟಿ ಸದ್ದಾದರೆ ಗಂಡುಗಳೆಲ್ಲ ಒಟ್ಟಿಗೆ ಗೊಳಗೊಳ ಎಂದು ಉತ್ತರ ಕೊಡುತ್ತವೆ. ಬಸ್ಸಿನ ಹಾರ್ನಿಗೂ ಕೊಡುತ್ತವೆ, ಕುಕ್ಕರಿನ ಸೀಟಿಗೂ ಕೊಡುತ್ತವೆ. ಪಕ್ಕದ ಊರಿನ ಪುರೋಹಿತರೊಬ್ಬರು, ತಾವು ಪೂಜೆಯಲ್ಲಿ ಶಂಖ ಊದಿದ ಕೂಡಲೇ ಸಾವಿರ ಕೊರಳುಗಳು ಓಗೊಡುತ್ತವೆ, ಇದರಿಂದ ಮನೆಯ ಮಕ್ಕಳಿಗೆ ನಗು ತಡೆಯಲಾಗುತ್ತಿಲ್ಲ ಎಂದು ಬರೆದಿದ್ದರು. 'ತಮ್ಮ ಶಂಖನಾದಕ್ಕೆ ದೊರೆತ ಸ್ಪಂದನೆಯನ್ನು ಗಂಭೀರವಾಗಿ ಪರಿಗಣಿಸಿದ್ದೇವೆ' ಎಂದು ನಾನು ಉತ್ತರಿಸಿದೆ. ಯಜಮಾನಿಗೆ ಅದು ಬಹಳ ಹಿಡಿಸಿತು. ನಾನು ಬುದ್ಧಿವಂತೆ ಎಂದು ನನಗೇ ಅನ್ನಿಸತೊಡಗಿದ್ದು ಆಗಲೇ.

ಆ ಅಮಲಿನಲ್ಲೇ ಪೋಸ್ಟರ್ ಬರೆದೆ. 'ಹಸಿರಲ್ಲಿ ಆಡಿ ಬೆಳೆದ ಹಕ್ಕಿ.' ಅಲ್ಲಿಯವರೆಗೆ ನಾನು ಒಂದು ಶೆಡ್ಡಿನ ಒಳಗೂ ಕಾಲಿಟ್ಟಿರಲಿಲ್ಲ. ಬಸ್ಸಿಳಿದವಳು ದುಪಟ್ಟಾವನ್ನು ಮೂಗಿಗೆ ಹಿಡಿದು ನೇರ ಆಫೀಸು ಸೇರುತ್ತಿದ್ದೆ. ಫೋಟೋ ತೆಗೆಯಲು ಬಂದವನು ಶೆಡ್ಡಿನಲ್ಲಿ ಬೆಳಕಿಲ್ಲ, ಹಸಿರಂತೂ ಇಲ್ಲವೇ ಇಲ್ಲ ಎಂದ. ಕೊನೆಗೆ ನೋಡಲು ಲಕ್ಷಣವಾಗಿದ್ದ ಮೂರು ಹಕ್ಕಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಶಿವಮೊಗ್ಗದಲ್ಲಿ ನವುಲೆಯ ಕಡೆ ಇರುವ ಒಂದು ಕಲ್ಯಾಣ ಮಂಟಪದ ಹುಲ್ಲುಹಾಸಿಗೆ ಕರೆದೊಯ್ದ. ಚಿತ್ರ ಚೆನ್ನಾಗಿಯೇ ಬಂತು. ಬಸ್ಸುಗಳ ಬೆನ್ನ ಮೇಲೆಲ್ಲ ಮೂರು ಟರ್ಕಿಗಳು ಭದ್ರಾವತಿಗೂ ಶಿವಮೊಗ್ಗಕ್ಕೂ ಓಡಾಡತೊಡಗಿದವು.

ಹದಿನೈದು ದಿನಕ್ಕೆ ಒಂದು ಕಾಗದ ಬಂತು. ಗೆರೆ ಹೊಡೆದ ಹಾಳೆ, ಮುದ್ದಾದ ಅಕ್ಷರ.

'ಮಾನ್ಯರೇ, ನಿಮ್ಮ ಜಾಹೀರಾತಿನಲ್ಲಿ ಹಕ್ಕಿಗಳ ಹಿಂದೆ ಕಾಣುವ, ಕತ್ತು ಮುರಿದ ಸಿಮೆಂಟಿನ ಹಂಸವನ್ನು ನಾನು ಬಲ್ಲೆ. ಆ ಹುಲ್ಲಿನ ಮೇಲೆ ನನ್ನ ಮಗಳ ಆರತಕ್ಷತೆ ನಡೆದಿದೆ. ಅಂದು ಅಲ್ಲಿ ಟರ್ಕಿಗಳು ಬೆಳೆಯುತ್ತಿರಲಿಲ್ಲ. ಅವು ಆಡುವ ಹಸಿರು ನಿಮ್ಮ ಫಾರಮಿನಲ್ಲಿ ಎಲ್ಲಿದೆ, ದಯವಿಟ್ಟು ತಿಳಿಸಿ.'

ಯಜಮಾನಿ ಅಕ್ಷರ ನೋಡಿದವರೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇವರು ಇನ್ನೂ ಇದ್ದಾರಾ," ಎಂದರು. "ಕಾರ್ಖಾನೇಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ರು ಕಣಮ್ಮಾ. ನಮ್ಮ ಕ್ಯಾಂಟೀನಿನ ಕಂಪ್ಲೇಂಟ್ ಪುಸ್ತಕದಲ್ಲಿ ವಾರಕ್ಕೊಂದು ಬರೀತಿದ್ರು. 'ಸಾಂಬಾರಿನಲ್ಲಿ ಬೇಳೆ ಇರುವುದು ಪರಿಶೀಲನೆಯಿಂದ ದೃಢಪಟ್ಟಿಲ್ಲ.' ಹಿಂಗೆ."

"ಸುಳ್ಳು ದೂರಾ?"

"ನಿಜಾನೇ. ಅದೇ ಕಷ್ಟ ಅವರದು."

ಆದರೂ ನಾನು ನನ್ನ ಜಾಣತನವನ್ನು ಬಿಡಲಿಲ್ಲ. ಪೋಸ್ಟರಿನ ಚಿತ್ರ 'ಸಾಂಕೇತಿಕ' ಎಂದು ಉತ್ತರ ಬರೆದೆ. ಮೂರೇ ದಿನಕ್ಕೆ ಮರುಟಪಾಲು ಬಂತು. 'ಸಾಂಕೇತಿಕ ಟರ್ಕಿಯ ಮಾಂಸ ಎಲ್ಲಿ ದೊರೆಯುತ್ತದೆ? ನಾನು ಸಾಂಕೇತಿಕವಾಗಿ ಹಣ ಕಳಿಸಲು ಸಿದ್ಧ.' ನಾನು ಆ ಕಾಗದವನ್ನು ಫೈಲಿನ ಅಡಿಗೆ ತಳ್ಳಿದೆ. ಅವರು ಅಷ್ಟಕ್ಕೇ ಬಿಡಲಿಲ್ಲ. ಎರಡೂ ಕಡೆಯ ಕಾಗದಗಳನ್ನು ಒಂದು ಸ್ಥಳೀಯ ಪತ್ರಿಕೆಗೆ ಕಳಿಸಿದರು. ಪತ್ರಿಕೆ ಒಂದಕ್ಷರವನ್ನೂ ಬಿಡದೆ ಅಚ್ಚುಮಾಡಿತು. ಕೆಳಗೆ ಕಂಪನಿಯ ಪರವಾಗಿ ಸಹಿ ಹಾಕಿದವಳ ಹೆಸರೂ ಇತ್ತು.

ಆ ದಿನ ಬೆಳಿಗ್ಗೆ ಅಮ್ಮ ಪೇಪರನ್ನು ಮಡಿಸಿ ದೋಸೆಯ ತಟ್ಟೆಯ ಪಕ್ಕ ಇಟ್ಟಳು.

"ಗೊಬ್ಬರ ಅಂದಿದ್ದೆ."

"ಗೊಬ್ಬರಾನೂ ಇದೆ ಅಮ್ಮ."

ಅವಳು ಕಾವಲಿಯ ಮೇಲಿನ ದೋಸೆಯನ್ನು ಮಗುಚಿದಳು. ಆಮೇಲೆ, "ಈ ಸಾಂಕೇತಿಕ ಅಂತ ಬರೆದವಳು ನೀನೇನಾ?" ಎಂದಳು.

"ಹೌದು."

"ಆ ಮನುಷ್ಯ ಕೇಳಿದ್ದು ಸರಿಯಾಗೇ ಇದೆ ಮಾರಾಯ್ತಿ. ಕೋಳಿ ಸಾಕೋದು ಅವರವರ ಕಸುಬು, ನಾನ್ಯಾರು ಹೇಳೋಕೆ. ಇಲ್ಲದ ಹುಲ್ಲನ್ನ ಇದೆ ಅಂತ ಬರೆಯೋದು ಎಂತ ಕಸುಬು?"

ಕೆಲಸ ಬಿಡು ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಡಬ್ಬಿಗೆ ಮೊಸರನ್ನ ಹಾಕಿ ಕೊಟ್ಟಳು. ಸಂಜೆ ಬಂದವಳು ಯಾವುದನ್ನೂ ಮುಟ್ಟದೆ ಮೊದಲು ಬಚ್ಚಲಿಗೆ ಹೋಗಬೇಕು ಎಂಬ ಒಂದು ಹೊಸ ಕಾನೂನನ್ನು ಮಾತ್ರ ತಂದಳು.

ಆಫೀಸಿನಲ್ಲಿ ಫೋನುಗಳು ಬಡಿದುಕೊಳ್ಳುತ್ತಿದ್ದವು. ಪ್ರಾಣಿದಯೆಯವರು, ಪತ್ರಕರ್ತರು, ಕಲ್ಯಾಣ ಮಂಟಪದ ಮಾಲೀಕರು. ಮಂಟಪದವರ ದೂರು ಬೇರೆಯೇ ಆಗಿತ್ತು. ಹಂಸದ ಕತ್ತನ್ನು ಫೋಟೋ ತೆಗೆದ ಮರುವಾರವೇ ಸರಿಮಾಡಿಸಿದ್ದೇವೆ, ಈಗ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ ಎಂದು. ನಾನು ಎರಡನೆಯ ಉತ್ತರದ ಕರಡನ್ನು ಯಜಮಾನಿಯ ಮುಂದಿಟ್ಟೆ. ಅವರು ಓದದೆಯೇ ಮಡಿಸಿದರು.

"ಅವರಿಗೆ ಉತ್ತರ ಬರೆದು ಯಾರೂ ಗೆದ್ದಿಲ್ಲಮ್ಮಾ. ಸಾಂಬಾರಿಗೆ ಬೇಳೆ ಹಾಕಿದ ಮೇಲೇನೇ ಅವರು ಬರೆಯೋದು ನಿಂತಿದ್ದು. ಒಂದು ಶೆಡ್ಡಿನ ಬಾಗಿಲು ತೆಗೆದು ಅಂಗಳ ಮಾಡೋಣ. ನೀನು ಹೋಗಿ ನೋಡ್ಕೊಂಡ್ಬಾ, ಎಷ್ಟು ಜಾಗ ಬೇಕು ಅಂತ."

ಹೀಗೆ ನಾನು ಮೊದಲ ಸಲ ಶೆಡ್ಡಿನೊಳಗೆ ಹೋದೆ. ಸೂಪರ್‌ವೈಸರ್ ಜೊತೆಗಿದ್ದರು. ಒಳಗೆ ಮಸುಕು ಬೆಳಕು, ನೆಲಕ್ಕೆ ಹಾಸಿದ ಭತ್ತದ ಹೊಟ್ಟು, ಕಣ್ಣು ಉರಿಸುವ ಘಾಟು. ಹಕ್ಕಿಗಳು ಓಡಿಹೋಗುತ್ತವೆಂದುಕೊಂಡಿದ್ದೆ. ಅವು ನನ್ನ ಕಡೆಗೇ ಬಂದವು. ಸುತ್ತ ನಿಂತು, ಮದುವೆಮನೆಯ ಹಿರಿಯರಂತೆ ಕತ್ತನ್ನು ಓರೆಮಾಡಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದವು. ಒಂದು ನನ್ನ ಬಳೆಯನ್ನು ಮೆಲ್ಲನೆ ಕುಟುಕಿತು.

"ಹೊಳೆಯೋದು ಅಂದ್ರೆ ಇವಕ್ಕೆ ಇಷ್ಟ ಮೇಡಂ," ಎಂದರು ಸೂಪರ್‌ವೈಸರ್. "ಹೊರಗಿಂದ ಯಾರಾದ್ರೂ ಬಂದ್ರೂ ಇಷ್ಟಾನೇ. ಬರೋರೇ ಇಲ್ಲ."

ನನಗೆ ನಾಚಿಕೆಯಾಯಿತು. ತಿಂಗಳುಗಟ್ಟಲೆ ಇವುಗಳ ಪರವಾಗಿ ಬರೆಯುತ್ತಿದ್ದೆ, ಒಂದು ದಿನವೂ ಮುಖ ನೋಡಿರಲಿಲ್ಲ.

ಅಂಗಳಕ್ಕೆ ಬೇಲಿ ಹಾಕಿ, ಹುಲ್ಲು ಬಂದ ಮೇಲೆ ಒಂದು ಬೆಳಿಗ್ಗೆ ಪತ್ರಕರ್ತರನ್ನೂ ಕಾಗದ ಬರೆದ ಇನ್‌ಸ್ಪೆಕ್ಟರನ್ನೂ ಕರೆದೆವು. ಅವರಿಗೆಂದು ದೂರದಲ್ಲಿ ಶಾಮಿಯಾನ, ಕುರ್ಚಿಗಳು, ಉಪ್ಪಿಟ್ಟು. ಇನ್‌ಸ್ಪೆಕ್ಟರ್ ಬಸ್ಸಿನಲ್ಲಿ ಬಂದರು. ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಯಜಮಾನಿ ಅವರಿಗೆ ಕೈಮುಗಿದು ಉಪ್ಪಿಟ್ಟು ಕೊಟ್ಟರು. ಅವರು ಒಂದು ಚಮಚ ತಿಂದು, "ಉಪ್ಪು ಸರಿ ಇದೆ," ಎಂದು ವರದಿ ಮಾಡಿದರು.

ಬಾಗಿಲು ತೆಗೆದೆವು. ಒಂದು ಹಕ್ಕಿಯೂ ಹೊರಗೆ ಬರಲಿಲ್ಲ.

ಹೊಸ್ತಿಲಿನ ತನಕ ಬಂದು, ಬಿಸಿಲು ಶುರುವಾಗುವ ಗೆರೆಯ ಮೇಲೆ ಸಾಲಾಗಿ ನಿಂತವು. ಸೂಪರ್‌ವೈಸರ್ ಜೋಳ ಚೆಲ್ಲಿದರು. ಅವು ಜೋಳವನ್ನು ನೋಡಿದವು. ಯಜಮಾನಿ ಚಪ್ಪಾಳೆ ತಟ್ಟಿದರು. ಅವು ಗೊಳಗೊಳ ಎಂದು ಉತ್ತರ ಕೊಟ್ಟವು, ಕಾಲು ಮಾತ್ರ ಕೀಳಲಿಲ್ಲ. ಒಬ್ಬ ಪತ್ರಕರ್ತ, "ಹಸಿರು ಬೇಡ ಅಂತ ಹಕ್ಕಿಗಳೇ ಹೇಳ್ತಿವೆ ಅಂತ ಬರೆಯೋಣ್ವಾ," ಎಂದು ನನ್ನನ್ನು ಕೇಳಿದ. ಹಿಂದಿನ ನಾನಾಗಿದ್ದರೆ ಅದನ್ನೇ ಪ್ರಕಟಣೆಯಾಗಿ ಬರೆದುಕೊಡುತ್ತಿದ್ದೆನೇನೋ.

ಇನ್‌ಸ್ಪೆಕ್ಟರ್ ತಟ್ಟೆ ಕೆಳಗಿಟ್ಟು ಎದ್ದರು. ಚಪ್ಪಲಿ ಬಿಟ್ಟು ಶೆಡ್ಡಿನೊಳಗೆ ಹೋಗಿ, ಹಕ್ಕಿಗಳ ನಡುವೆ ಮೊಣಕಾಲೂರಿ ಕೂತು, ಅವುಗಳ ಎತ್ತರದಿಂದ ಬಾಗಿಲಿನ ಕಡೆ ನೋಡಿದರು. ಐದು ನಿಮಿಷವಾದರೂ ಕೂತಿದ್ದಿರಬೇಕು. ಹೊರಬಂದು ಯಜಮಾನಿಗೆ ಹೇಳಿದರು.

"ನೆರಳು ಒಮ್ಮೆಲೇ ಮುಗಿದುಹೋಗುತ್ತಮ್ಮಾ. ಅಲ್ಲಿಂದ ನೋಡಿದ್ರೆ ಹೊರಗಡೆ ಬರೀ ಬೆಳ್ಳಗೆ, ಏನೂ ಕಾಣ್ಸಲ್ಲ. ಹುಟ್ಟಿದಾಗಿಂದ ಬಿಸಿಲು ನೋಡಿಲ್ಲ ಇವು. ಬಾಗಿಲಿಗೆ ಒಂದು ಚಪ್ಪರ ಹಾಕ್ಸಿ."

"ಚಪ್ಪರ ಈಗ ಎಲ್ಲಿಂದ ತರೋದು?"

ಅವರು ಶಾಮಿಯಾನದ ಕಡೆ ನೋಡಿದರು. ಎಲ್ಲರೂ ನೋಡಿದೆವು. ನಾಲ್ಕು ಕಂಬಗಳನ್ನು ಕಿತ್ತು, ಪತ್ರಕರ್ತರೂ ಒಂದೊಂದು ಮೂಲೆ ಹಿಡಿದು, ಕೆಂಪು ಹಳದಿ ಶಾಮಿಯಾನವನ್ನು ಶೆಡ್ಡಿನ ಬಾಗಿಲಿಗೆ ತಂದು ನಿಲ್ಲಿಸಿದೆವು. ಅತಿಥಿಗಳು ಬಿಸಿಲಿನಲ್ಲಿ ನಿಂತರು, ಹಕ್ಕಿಗಳಿಗೆ ನೆರಳು ಸಿಕ್ಕಿತು. ಸ್ವಲ್ಪ ಹೊತ್ತಿಗೆ ಒಂದು ಹೆಣ್ಣು ಹಕ್ಕಿ ಹೊಸ್ತಿಲು ದಾಟಿತು. ಕಾಲಡಿಯ ಹುಲ್ಲನ್ನು ಬಗ್ಗಿ ನೋಡಿತು, ಒಂದು ಎಸಳು ಕಿತ್ತು ಉಗುಳಿತು, ಇನ್ನೊಂದು ಕಿತ್ತು ನುಂಗಿತು. ಅದರ ಹಿಂದೆ ಎರಡು, ಆಮೇಲೆ ಹತ್ತು, ಆಮೇಲೆ ತಡೆಯುವವರೇ ಇಲ್ಲ. ಕ್ಯಾಮೆರಾದ ಗಾಜನ್ನು ಕುಟುಕಿದವು, ಇನ್‌ಸ್ಪೆಕ್ಟರ ಜೇಬಿನ ಪೆನ್ನುಗಳಲ್ಲಿ ಒಂದನ್ನು ಎಳೆದೊಯ್ದವು. ನಾನು ಹಂಚಬೇಕೆಂದು ಟೈಪು ಮಾಡಿಸಿ ತಂದಿದ್ದ ಪತ್ರಿಕಾ ಪ್ರಕಟಣೆಯನ್ನು ಒಂದು ದಪ್ಪ ಗಂಡು ಹಕ್ಕಿ ಕೊಕ್ಕಿನಲ್ಲಿ ಕಚ್ಚಿಕೊಂಡು ಬೇಲಿಯ ಉದ್ದಕ್ಕೂ ಓಡಿತು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಅದರ ಚಿತ್ರವೇ.

ಬಸ್ಸುಗಳಿಂದ ಪೋಸ್ಟರ್ ತೆಗೆಸಿದೆವು. ಹೊಸದನ್ನು ನಾನೇ ಬರೆದೆ. 'ನಮ್ಮ ಹಕ್ಕಿಗಳು ಶೆಡ್ಡಿನಲ್ಲಿ ಬೆಳೆಯುತ್ತವೆ. ಒಂದು ಶೆಡ್ಡಿನವು ಹಗಲು ಹೊರಗೆ ಬರುತ್ತವೆ. ಉಳಿದ ಶೆಡ್ಡುಗಳಿಗೂ ಅಂಗಳ ಆಗುತ್ತಿದೆ.' ಇಷ್ಟು ಸಪ್ಪೆಯ ಜಾಹೀರಾತನ್ನು ಯಾರೂ ಓದುವುದಿಲ್ಲ ಎಂದು ಮುದ್ರಣದವರು ಎಚ್ಚರಿಸಿದರು. ಅವರ ಮಾತು ನಿಜವಾಯಿತು. ಇನ್‌ಸ್ಪೆಕ್ಟರ್ ಮಾತ್ರ ಓದಿ, 'ಪರಿಶೀಲಿಸಿದ್ದೇನೆ, ಸರಿ ಇದೆ' ಎಂದು ಒಂದು ಕಾರ್ಡು ಬರೆದರು.

ಅಂಗಳದಲ್ಲಿ ಓಡಾಡಿದ ಹಕ್ಕಿಗಳು ತೂಕದಲ್ಲಿ ಸ್ವಲ್ಪ ಹಿಂದೆ ಬಿದ್ದವು. ವಿಚಾರಿಸಲೆಂದು ಬೆಂಗಳೂರಿನ ಹೋಟೆಲೊಂದರ ಖರೀದಿ ಮ್ಯಾನೇಜರ್ ಕಾರಿನಲ್ಲಿ ಬಂದ. ಯಜಮಾನಿ ಹೆಮ್ಮೆಯಿಂದ ಅವನನ್ನು ಅಂಗಳಕ್ಕೇ ಕರೆದೊಯ್ದು, ಕುರ್ಚಿ ಹಾಕಿಸಿ, ಮಜ್ಜಿಗೆ ಕೊಟ್ಟರು. ಅವನು ತೂಕದ ಮಾತೆತ್ತುವಷ್ಟರಲ್ಲಿ ಒಂದು ಹೆಣ್ಣು ಹಕ್ಕಿ ಹತ್ತಿರ ಬಂದು ಅವನ ಬೂಟಿನ ಪಕ್ಕ ಕೂತು, ಕಣ್ಣು ಮುಚ್ಚಿತು. ಅವನು ಹಿಂಜರಿಯುತ್ತ ಅದರ ಬೆನ್ನು ಸವರಿದ. ಅದು ಇನ್ನಷ್ಟು ಒತ್ತಿ ಕೂತಿತು. ಅವನು ಅರ್ಧ ಗಂಟೆ ಹಾಗೇ ಕೂತಿದ್ದು, ಮಜ್ಜಿಗೆ ಮುಗಿಸಿ, ಆರ್ಡರಿನ ಮಾತೇ ಆಡದೆ ಎದ್ದುಹೋದ.

ಕಾರು ಗೇಟು ದಾಟುವುದನ್ನೇ ನೋಡುತ್ತ ಯಜಮಾನಿ ನನಗೆ ಹೇಳಿದರು: "ಇನ್ಮೇಲೆ ತಗೊಳ್ಳೋಕೆ ಬರೋರನ್ನ ಆಫೀಸಲ್ಲೇ ಕೂರ್ಸಮ್ಮಾ."

ಮುಂದಿನ ವಾರ ಅವನು ಆರ್ಡರ್ ಕೊಟ್ಟ. ಫೋನಿನಲ್ಲಿ.