ಬಿಯರ್ ಬಕೆಟ್ಟಿನಲ್ಲಿ ಮಗಳ ಥರ್ಮಾಮೀಟರು

ಲಾಕ್‌ಡೌನಿನಲ್ಲಿ ಮಗಳ ಮೈ ಕಾದಿತ್ತು. ಫೋನ್ ಮಾಡಿದರೆ ಡಾಕ್ಟರು, "ಮೊದಲು ಟೆಂಪರೇಚರ್ ನೋಡಿ ಹೇಳಿ" ಎಂದರು. ನೋಡಲು ಮನೆಯಲ್ಲಿದ್ದ ಅವಳ ಥರ್ಮಾಮೀಟರೇ ಕಾಣಿಸುತ್ತಿಲ್ಲ. ಆಗ ನಾವಿದ್ದ ಐರ್ಲೆಂಡಿನ ನೇಸ್ ಊರಿನ ಅಂಗಡಿಗಳಲ್ಲೂ ಅದು ಸಿಗುತ್ತಿರಲಿಲ್ಲ.

ಕೊನೆಗೆ ಸಿಕ್ಕಿದ್ದು ನಮ್ಮ ಮನೆಯ ಒಂದು ರೂಮಿನಲ್ಲಿ ಬಾಡಿಗೆಗಿದ್ದ ಮಾಸ್ಟರ್ಸ್ ಓದುವ ಹುಡುಗನ ಹತ್ತಿರ. ಅವನು ಬಿಯರ್ ಹುದುಗೇಳಲು ಇಟ್ಟಿದ್ದ ಬಕೆಟ್ಟಿನೊಳಗೆ ಅದನ್ನು ಅದ್ದಿಟ್ಟಿದ್ದ.

"ಗ್ರಾವಿಟಿ, ಅಂದ್ರೆ ಬಿಯರ್ ಎಷ್ಟು ದಪ್ಪ ಇದೆ ಅಂತ ಅಳೀತಿದೀನಿ ಅಕ್ಕ" ಎಂದ. ಡೇರಿಯವರು ಹಾಲಿಗೆ ಬಿಡುವಂಥ ಗಾಜಿನ ಕಡ್ಡಿಯೊಂದು ಬಿಯರಿನಲ್ಲಿ ತೇಲುತ್ತಿತ್ತು. ಸಕ್ಕರೆ ಎಷ್ಟು ಉಳಿದಿದೆಯೆಂದು ಅದು ಹೇಳುತ್ತದಂತೆ. ಬಿಯರಿನ ಬಿಸಿ ಎಷ್ಟೆಂದು ತಿಳಿಯದಿದ್ದರೆ ಮಾತ್ರ ಲೆಕ್ಕ ತಪ್ಪುತ್ತದಂತೆ.

"ಎಷ್ಟು ತೋರಿಸ್ತು?"

"ಹಾಕಿದಾಗಿಂದ ಬರೀ 'ಲೋ', ಕಮ್ಮಿ ಅಂತಲೇ ಬರ್ತಿದೆ. ಬಿಯರೇ ಕೆಟ್ಟಿದೆ ಅನ್ಸುತ್ತೆ."

"ಅದು ಜ್ವರ ನೋಡೋದು ಕಣೋ, ಮೈಬಿಸಿಗಿಂತ ಕಮ್ಮಿಯಿದ್ರೆ ಅಂಕಿ ತೋರ್ಸಲ್ಲ! ನಿನ್ನ ಬಿಯರಿಗೆ ಕಂಕುಳಿದೆಯಾ?"

ಕಿತ್ತುಕೊಂಡು ಬಂದು, ತೊಳೆದು, ಮಗಳ ಕಂಕುಳಲ್ಲಿಟ್ಟೆ. ಅದೃಷ್ಟಕ್ಕೆ ಕೆಟ್ಟಿರಲಿಲ್ಲ. ಅಂಕಿ ಹೇಳಿದಾಗ ಡಾಕ್ಟರು, "ಗ್ರ್ಯಾಂಡ್, ತೊಂದರೆಯಿಲ್ಲ, ಸಣ್ಣ ಜ್ವರ, ಹೆದರಬೇಡಿ" ಎಂದರು. ಆಗಲೇ ನಾನು ಉಸಿರು ಬಿಟ್ಟದ್ದು.

ಹಿಂದೆಯೇ ಬಾಗಿಲಲ್ಲಿ ಬಂದು ನಿಂತಿದ್ದ ಪುಣ್ಯಾತ್ಮ. "ಆದ್ಮೇಲೆ ಕೊಡ್ತೀರಾ ಅಕ್ಕ? ಗ್ರಾವಿಟಿ ಕರೆಕ್ಟಾಗಿ ಬರ್ಬೇಕು."

ಅಷ್ಟು ಕರೆಕ್ಟಾದ ಮನುಷ್ಯ ಮಗುವಿನ ಜ್ವರ ಎಷ್ಟಿದೆಯೆಂದು ಮಾತ್ರ ಕೇಳಲಿಲ್ಲ.