ಹಳೇ ಟೈರು ತನ್ನಿ, ಆಮೇಲೆ ಮಾತು

ಗುರುವಾರ, ಬೆಳಗಿನ ಐದೂ ಮುಕ್ಕಾಲು. ಸೈಕಲ್ ಅಂಗಡಿಯ ಮುಂಬಾಗಿಲು ಇನ್ನೂ ತೆರೆದಿಲ್ಲ. ಹಿಂದಿನ ಶೆಡ್ಡಿನಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಮೋಟು ಸ್ಟೂಲಿನ ಮೇಲೆ ಕುಳಿತ ಹೆಂಗಸೊಬ್ಬರು ಚಕ್ರವನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಎರಡೂ ಹೆಬ್ಬೆರಳಿನಿಂದ ಟೈರಿನ ಅಂಚನ್ನು ರಿಮ್ಮಿನೊಳಕ್ಕೆ ಒತ್ತುತ್ತಿದ್ದಾರೆ. ಕೊನೆಯ ಒಂದು ಗೇಣು ಜಪ್ಪಯ್ಯ ಅಂದರೂ ಒಳಗೆ ಹೋಗುತ್ತಿಲ್ಲ. ಬೇರೆ ಅಂಗಡಿಯಲ್ಲಾದರೆ ಟೈರ್ ಲಿವರ್ ತೂರಿಸಿ, ಒಂದು ಸಲ ಮೀಟಿ, ಮುಂದಿನ ಗಿರಾಕಿಯನ್ನು ಕರೆಯುತ್ತಾರೆ. ಇವರು ಲಿವರ್ ಮುಟ್ಟುವುದಿಲ್ಲ. ಅದು ಟ್ಯೂಬನ್ನು ಚಿವುಟುತ್ತದೆ, ಟೈರಿನ ಅಂಚಿಗೂ ಗಾಯ ಮಾಡುತ್ತದೆ ಎನ್ನುವುದು ಇವರ ತಕರಾರು. ಹಲ್ಲು ಕಚ್ಚಿ ಇನ್ನೊಮ್ಮೆ ಒತ್ತುತ್ತಾರೆ. ಟಪ್ ಎಂದು ಅಂಚು ಒಳಗೆ ಕೂರುತ್ತದೆ.

"ಏನು ಬೇಕಿತ್ತು?" ತಲೆ ಎತ್ತದೆಯೇ ಕೇಳುತ್ತಾರೆ.

ನಾನು ಬಂದಿರುವುದು ಪತ್ರಿಕೆಗೆ ಇವರ ಬಗ್ಗೆ ಬರೆಯಲು. ಆದರೆ ನಾನೂ ವಾರಕ್ಕೊಮ್ಮೆ ರೇಸಿಂಗ್ ಸೈಕಲ್ ಹತ್ತುವವನು, ನಾಲಿಗೆ ಸುಮ್ಮನಿರಬೇಕಲ್ಲ! ಮೊಬೈಲಿನಲ್ಲಿದ್ದ ಟೈರಿನ ಫೋಟೋ ಮುಂದೆ ಹಿಡಿದು, "ಇದು ನೂರಾ ಎಂಬತ್ತೇ ಗ್ರಾಂ ಅಂತೆ. ನನ್ನ ಸೈಕಲ್ಲಿಗೆ ಆಗುತ್ತಾ ಅಕ್ಕಾ?" ಎಂದುಬಿಡುತ್ತೇನೆ.

"ಹಳೇ ಟೈರು ತಂದಿದೀರಾ?"

"ಇಲ್ಲ."

"ಮತ್ತೆ ಇದನ್ಯಾಕೆ ತೋರಿಸ್ತೀರಾ? ಡಾಕ್ಟ್ರ ಹತ್ರ ಹೋಗಿ ಪಕ್ಕದ್ಮನೆಯವರ ಮಾತ್ರೆ ಫೋಟೋ ತೋರಿಸ್ತೀರಾ?"

ಸವಾರರೆಲ್ಲ ಇವರನ್ನು ಕರೆಯುವುದು ಟೈರಕ್ಕ ಎಂದು. ವಯಸ್ಸು ಐವತ್ತೆರಡು. ಹಳೆಯ ಟೈರು ಕಣ್ಣಾರೆ ನೋಡದೆ ಹೊಸದನ್ನು ಆರಿಸಿಕೊಡುವುದಿಲ್ಲ. ಮೈತುಂಬ ಸಣ್ಣ ಗಾಯಗಳಿದ್ದರೆ ನೀವು ಹೋಗುವ ದಾರಿಯಲ್ಲಿ ಗಾಜಿದೆ. ಪಕ್ಕ ಬಿರುಕು ಬಿಟ್ಟಿದ್ದರೆ ಗಾಳಿ ಹಾಕಿಕೊಳ್ಳಲು ನಿಮಗೆ ಸೋಮಾರಿತನ. ಇಷ್ಟನ್ನೂ ಮುಖದ ಮೇಲೇ ಹೇಳುತ್ತಾರೆ. ಕೇಳಿಸಿಕೊಂಡವರು ತಲೆಯಾಡಿಸಿ, ಮತ್ತೆ ಅದೇ ಹಗುರದ ಟೈರನ್ನೇ ಕೇಳುತ್ತಾರೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

"ಒಬ್ರು ಬರ್ತಾರೆ, ಹೊಟ್ಟೆ ಇಷ್ಟು ಮುಂದೆ. ಟೈರಲ್ಲಿ ನಲವತ್ತು ಗ್ರಾಂ ಇಳೀಬೇಕಂತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಇನ್ನೊಬ್ರು ತೆಳ್ಳಗಿರೋದನ್ನೇ ಹಾಕಿಸ್ಕೊಂಡು ಹೋದ್ರು. ಆಮೇಲೆ ಪಂಕ್ಚರ್ ಭಯ. ಸೀಟಿನ ಕೆಳಗೆ ಚೀಲ, ಚೀಲದಲ್ಲಿ ಎರಡು ಟ್ಯೂಬು, ಪಂಪು, ಅಂಟು, ಕತ್ತರಿ. ಎಂಬತ್ತು ಗ್ರಾಂ ಉಳಿಸೋಕೆ ಎಂಟ್ನೂರು ಗ್ರಾಂ ಹೊತ್ಕೊಂಡು ತಿರುಗ್ತಾರೆ ಪುಣ್ಯಾತ್ಮರು."

ಇವರ ಟೈರಿನ ಬದುಕು ಶುರುವಾದದ್ದು ಕಾರ್ಖಾನೆಯಲ್ಲಿ. ಅಚ್ಚಿನಿಂದ ಈಚೆ ಬಂದ ಹೊಸ ಟೈರಿನ ಮೇಲಿನ ಕೂದಲಿನಂಥ ರಬ್ಬರ್ ಎಳೆಗಳನ್ನು ಕತ್ತರಿಸುತ್ತ, ಒಳಗೆ ಕೈಯಾಡಿಸಿ ದೋಷ ಹುಡುಕುತ್ತ ಹನ್ನೊಂದು ವರ್ಷ ಕಳೆದರು. ಕಾರ್ಖಾನೆ ಮುಚ್ಚಿದ ಮೇಲೆ ಈ ಶೆಡ್ಡು. ಮೊದಲ ನಾಲ್ಕೈದು ವರ್ಷ ಬಂದವರೆಲ್ಲ ಇವರ ಮುಂದೆಯೇ ನಿಂತು "ಮೆಕ್ಯಾನಿಕ್ ಎಲ್ಲಿ?" ಎಂದು ಕೇಳುತ್ತಿದ್ದರಂತೆ. ಈಗ ದಿನಕ್ಕೆ ಹದಿನೈದು ಚಕ್ರ, ಶನಿವಾರವಾದರೆ ಮೂವತ್ತು. ಹೆಬ್ಬೆರಳಿನ ಗೆಣ್ಣುಗಳು ಊದಿಕೊಂಡು ನಿಂತಿವೆ. ಲಿವರ್ ಬಳಸಿ ಎಂದು ಡಾಕ್ಟರೂ ಹೇಳಿಯಾಗಿದೆ. "ಅವರಿಗೇನು ಗೊತ್ತು ಟೈರಿನ ವಿಷ್ಯ" ಎನ್ನುವುದಷ್ಟೇ ಉತ್ತರ. ಸಂಜೆ ಬಿಸಿನೀರಲ್ಲಿ ಬೆರಳು ಅದ್ದಿಕೊಂಡು ಕೂರುತ್ತಾರೆ. ನನಗೇ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ಊರಿಗೆಲ್ಲ ಬುದ್ಧಿ ಹೇಳುವ ಟೈರಕ್ಕನ ಮಾತು ನಡೆಯದ ಜಾಗ ಒಂದಿದೆ, ಅದು ಅವರ ಮನೆ. ಹಿತ್ತಲ ಗಿಡ ಮದ್ದಲ್ಲ. ಹತ್ತೊಂಬತ್ತರ ಮಗಳು ಸೈಕಲ್ ರೇಸಿನವಳು. ಈ ಭಾನುವಾರ ಆಯ್ಕೆಯ ಓಟ. ಮೊದಲ ಮೂವರಿಗೆ ಮಾತ್ರ ತಂಡದಲ್ಲಿ ಜಾಗ. ಮುಂದಿನ ವರ್ಷಕ್ಕೆ ಇವಳ ವಯಸ್ಸು ಮೀರುತ್ತದೆ. ಕಳೆದ ವರ್ಷ ಇದೇ ಓಟದಲ್ಲಿ ಎರಡನೆಯವಳಾಗಿ ಬರುತ್ತಿದ್ದಾಗ, ಇನ್ನು ನಾಲ್ಕೇ ಕಿಲೋಮೀಟರ್ ಇರುವಾಗ, ಹಿಂದಿನ ಟೈರಿಗೆ ಗಾಜಿನ ಚೂರು ಹೊಕ್ಕಿತು. ಅತಿ ಹಗುರದ ಟೈರು ಅದು.

"ಹಾಕಿಕೊಟ್ಟೋಳು ನಾನೇ" ಎನ್ನುತ್ತಾರೆ ಟೈರಕ್ಕ. "ಬೇರೆಯವರಾಗಿದ್ರೆ ಬೈದು ಕಳಿಸ್ತಿದ್ದೆ. ಮಗಳು ಅಂತ ಸೋತೆ. ಸೈಕಲ್ ಹೆಗಲ ಮೇಲೆ ಹೊತ್ಕೊಂಡು ನಡೆದು ಬಂದ್ಲು. ನನ್ನನ್ನ ಬೈಲಿಲ್ಲ ಅವಳು, ಬೈದಿದ್ರೆ ಚೆನ್ನಾಗಿತ್ತು."

ಹಾಗಿದ್ದೂ ಮಗಳಿಗೆ ಈ ವರ್ಷವೂ ಅದೇ ಟೈರು ಬೇಕು. ಏಳು ಗಂಟೆಗೆ ಅಭ್ಯಾಸ ಮುಗಿಸಿ ಶೆಡ್ಡಿಗೆ ಬರುತ್ತಾಳೆ. ಸೈಕಲ್ ಇರುವುದು ಕ್ಲಬ್ಬಿನಲ್ಲಿ, ಬಿಚ್ಚಿದ ಚಕ್ರಗಳು ಬೆನ್ನಿನ ಚೀಲದಲ್ಲಿ. ಕಾನೂನು ಗೊತ್ತಿರುವುದರಿಂದ ಕೇಳುವ ಮೊದಲೇ ಹಳೆಯ ಟೈರನ್ನು ಅಮ್ಮನ ತೊಡೆಯ ಮೇಲೆ ಹಾಕುತ್ತಾಳೆ. "ನೋಡು, ಒಂದು ಗಾಯ ಇಲ್ಲ. ರಸ್ತೆ ಈಗ ಚೆನ್ನಾಗಾಗಿದೆ. ಹಗುರದ್ದೇ ಹಾಕು."

ಟೈರಕ್ಕ ಟೈರಿನ ಮೈ ನೋಡುವುದೇ ಇಲ್ಲ. ಅಂಚಿನ ಸುತ್ತ ಹೆಬ್ಬೆರಳು ಓಡಿಸುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ.

"ಇದು ಯಾರದ್ದು?"

"ನಂದೇ ಅಮ್ಮ."

"ಇಲ್ಲಿ ಲಿವರ್ ಮೀಟಿದ ಗಾಯ ಇದೆ ಕಣೇ. ನಿನ್ನ ಟೈರಿಗೆ ಯಾವತ್ತು ಲಿವರ್ ಹಾಕಿದೀನಿ ನಾನು?"

ಮಗಳು ನನ್ನ ಮುಖ ನೋಡುತ್ತಾಳೆ, ನಾನು ಚಾವಣಿ ನೋಡುತ್ತೇನೆ. ಟೈರು ಗೆಳತಿಯದು. ಅವಳು ಅಭ್ಯಾಸ ಮಾಡುವುದು ಕ್ರೀಡಾಂಗಣದ ನುಣುಪು ಹಾದಿಯಲ್ಲಿ. ಮಗಳ ಸ್ವಂತ ಟೈರು ಚೀಲದ ತಳದಿಂದ ಈಚೆ ಬರುತ್ತದೆ. ಟೈರಕ್ಕ ಅದರ ಗಾಯಗಳನ್ನು ಗಟ್ಟಿಯಾಗಿ ಎಣಿಸುತ್ತಾರೆ, ಹದಿನೇಳು.

"ಏರು ಹತ್ತೋವಾಗ ಒಂದೊಂದು ಗ್ರಾಮೂ ಲೆಕ್ಕ ಅಮ್ಮ! ಎಲ್ಲರೂ ಹಗುರದ್ದೇ ಹಾಕ್ಕೊಂಡು ಬರ್ತಾರೆ. ಹೋದ ಸಲ ನನ್ನ ಅದೃಷ್ಟ ಕೆಟ್ಟಿತ್ತು, ಅಷ್ಟೇ."

"ಅದೃಷ್ಟ ಅಲ್ಲ, ಗಾಜು. ಅದು ಇನ್ನೂ ಅದೇ ರಸ್ತೇಲಿದೆ. ನಿನ್ನ ಭಾರ ಬೀಳೋದು ಹಿಂದಿನ ಚಕ್ರದ ಮೇಲೆ. ಹಿಂದೆ ನಾನ್ ಹೇಳಿದ್ದು, ಮುಂದೆ ನೀನ್ ಹೇಳಿದ್ದು. ಬೇಡ ಅಂದ್ರೆ ಬೇರೆ ಅಂಗಡಿ ನೋಡ್ಕೋ."

ಮಗಳು ಮುಖ ಊದಿಸಿಕೊಂಡು ಒಪ್ಪುತ್ತಾಳೆ. ಮುಂದಕ್ಕೆ ನೂರಾ ಎಂಬತ್ತು ಗ್ರಾಮಿನದು, ಹಿಂದಕ್ಕೆ ಇನ್ನೂರಾ ಅರವತ್ತರದ್ದು. ಅರ್ಧ ಗಂಟೆ ಹೆಬ್ಬೆರಳಿನ ಯುದ್ಧ ನಡೆಯುತ್ತದೆ. ಥ್ಯಾಂಕ್ಸ್ ಕೂಡ ಹೇಳದೆ ಚಕ್ರ ಹೊತ್ತು ಹೋಗುತ್ತಾಳೆ ಹುಡುಗಿ.

ಭಾನುವಾರ ಓಟ ಮುಗಿಯುವ ಗೆರೆಯ ಬಳಿ ನಾನಿದ್ದೇನೆ. ಟೈರಕ್ಕ ಜನರ ಹಿಂದೆ, ನೀರಿನ ಡ್ರಮ್ಮಿನ ಪಕ್ಕ ನಿಂತು ಬೆರಳು ನೀವಿಕೊಳ್ಳುತ್ತಿದ್ದಾರೆ. ಮೊದಲನೆಯವಳು ಬರುತ್ತಾಳೆ. ಎರಡನೆಯವಳು. ಆಮೇಲೆ ಎಷ್ಟೋ ಹೊತ್ತು ರಸ್ತೆ ಖಾಲಿ. ತಿರುವಿನಲ್ಲಿ ಇಬ್ಬರು ಒಟ್ಟಿಗೆ ಕಾಣಿಸುತ್ತಾರೆ. ಗೆರೆ ದಾಟುವಾಗ ಟೈರಕ್ಕನ ಮಗಳು ಅರ್ಧ ಚಕ್ರ ಮುಂದಿದ್ದಾಳೆ. ಮೂರನೆಯ ಸ್ಥಾನ. ನಾನು ಕುಣಿದುಬಿಡುತ್ತೇನೆ, ಟೈರಕ್ಕ ಡ್ರಮ್ಮಿನ ಮೇಲೆ ಕೈಯೂರಿ ಉಸಿರು ಬಿಡುತ್ತಾರೆ.

ಏದುಸಿರು ಬಿಡುತ್ತ ಬಂದ ಮಗಳು ಅಮ್ಮನ ಹೆಗಲಿಗೆ ಒರಗಿ ಶುರು ಮಾಡುತ್ತಾಳೆ. ಎದುರು ಗಾಳಿಯನ್ನು ಬೈಯುತ್ತಾಳೆ, ಏರನ್ನು ಬೈಯುತ್ತಾಳೆ, ಅಡ್ಡ ಬಂದವಳನ್ನು ಬೈಯುತ್ತಾಳೆ, ಕೊನೆಗೆ ತನ್ನ ಕಾಲನ್ನೇ ಬೈಯುತ್ತಾಳೆ. ಹದಿನೈದು ನಿಮಿಷ ಅದೇ. ಆಮೇಲೆ ಗೆಳತಿಯರು ಬಂದು ಎಳೆದುಕೊಂಡು ಹೋಗುತ್ತಾರೆ.

ಟೈರಕ್ಕ ನನ್ನತ್ತ ತಿರುಗುತ್ತಾರೆ. "ಪೇಪರಿನವರೇ, ಟೈರಿನ ಸುದ್ದಿ ಏನಾದ್ರೂ ಎತ್ತಿದ್ಳಾ?"

"ಇಲ್ಲ, ಒಂದು ಮಾತೂ ಇಲ್ಲ."

"ಹಾಗಾದ್ರೆ ಸರಿಯಾಗೇ ಹಾಕಿದೀನಿ."