ಹೆಸರು ಕತ್ತರಿಸಿ ಕೊಟ್ಟ ಗುಳಿಗೆಗಳು

ನಿಂಗಮ್ಮ, ನಿಮ್ಮಪ್ಪನಿಗೆ ಬಂದದ್ದು ಮನೆತನದ ಮೂರ್ಛೆರೋಗವಲ್ಲ. ಅದು ನಾನು ಕೊಟ್ಟ ಗುಳಿಗೆಗಳಿಂದ ಬಂದದ್ದು. ಗೊತ್ತಿಲ್ಲದೆ ಕೊಟ್ಟೆನೆಂದರೆ ಸುಳ್ಳಾದೀತು — ಗೊತ್ತಿದ್ದೇ ಕೊಟ್ಟೆ.

ರಂಗಂಪೇಟೆಯ ಔಷಧದ ಅಂಗಡಿಯಲ್ಲಿ ನಾನು ಮೂವತ್ತು ವರ್ಷ ದುಡಿದದ್ದು ನಿನಗೆ ಗೊತ್ತು. ನಿಮ್ಮಪ್ಪ ಹಣಮಂತ್ರಾಯನ ಮೇಲಿನ ನನ್ನ ಹಗೆ ಗೊತ್ತಿರಲಿಕ್ಕಿಲ್ಲ. ನೀನು ಹುಟ್ಟುವ ಮೊದಲು ನನ್ನ ತಂಗಿ ಶಾಂತಾಳನ್ನು ನೋಡಲು ಬೋನಾಳದಿಂದ ಗಂಡಿನವರು ಬಂದಿದ್ದರು. ಅದಕ್ಕೂ ಹಿಂದೆ ಒಮ್ಮೆ ಆಕೆ ಉಪವಾಸವಿದ್ದು ತಲೆ ತಿರುಗಿ ಬಿದ್ದಿದ್ದಳು, ಅಷ್ಟೇ. ನಿಮ್ಮಪ್ಪ ಅವರನ್ನು ಚಹಾದ ಹೋಟೆಲಿನಲ್ಲಿ ಕೂರಿಸಿಕೊಂಡು ನಗುತ್ತ ಹೇಳಿದ: "ಹುಡುಗಿ ಛಲೋ ಅದಾಳ್ರಿ. ಆದ್ರ ತಾಳಿ ಕಟ್ಟೂ ಮುಂದ ಆಕಿ ಕೈಯಾಗ ಒಂದು ಕೀಲಿಕೈ ಕೊಟ್ಟಿರ್ರಿ."

ಮೂರ್ಛೆ ಬಂದವರ ಕೈಗೆ ಕಬ್ಬಿಣದ ಕೀಲಿಕೈ ಹಿಡಿಸುವುದು ನಮ್ಮ ಕಡೆಯ ರೂಢಿ. ಗಂಡಿನವರಿಗೆ ಬೇರೆ ವಿವರ ಬೇಕಾಗಲಿಲ್ಲ. ಶಾಂತಾ ಇವತ್ತಿಗೂ ನನ್ನ ಮನೆಯಲ್ಲೇ ರೊಟ್ಟಿ ಬಡಿಯುತ್ತಾಳೆ.

ನಾನು ಕಾದೆ. ವರ್ಷಗಟ್ಟಲೆ ಕಾದೆ. ನಿಮ್ಮಪ್ಪ ಗಾಡಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಾಗ ಡಾಕ್ಟರು ಕೆಲವೇ ದಿನಕ್ಕೆಂದು ಬಲವಾದ ನೋವಿನ ಗುಳಿಗೆ ಬರೆದರು — ಅಫೀಮಿನ ಜಾತಿಯದು. ಚೀಟಿಯ ಅವಧಿ ಮುಗಿದ ಮೇಲೂ ಅವನು ಬಂದ. "ಬಸಣ್ಣಾ, ಅದ ಗುಳಿಗಿ ಕೊಡಪಾ. ಇಲ್ಲಂದ್ರ ಜೀವ ಚಡಪಡಿಸ್ತದ."

ಹೆಚ್ಚಾದರೆ ಇದು ಫಿಟ್ಸ್ ತರುತ್ತದೆ ಎಂದು ಡಾಕ್ಟರೇ ನನ್ನನ್ನು ಎಚ್ಚರಿಸಿದ್ದರು. ಫಿಟ್ಸ್ — ಆ ಒಂದು ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಬಿಡಿಯಾಗಿ ಕೇಳಿದರೆ ಗುಳಿಗೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಕೊಡುವುದು ಅಂಗಡಿಯ ಪದ್ಧತಿ. ಹೆಸರು ಅಚ್ಚಾದ ತುದಿಯನ್ನು ಜೇಬಿಗೆ ಹಾಕಿಕೊಂಡು, ಉಳಿದದ್ದನ್ನು ಕಾಗದದಲ್ಲಿ ಕಟ್ಟಿ, ಅವನು ಕೇಳಿದಷ್ಟೂ ಕೊಟ್ಟೆ. ಮನೆಯಲ್ಲಿ ಅವನು ಶಕ್ತಿಯ ಗುಳಿಗೆ ಎಂದು ಹೇಳಿಕೊಂಡಿದ್ದ.

ಕೊನೆಗೆ ಅಂಗಡಿಯ ಮುಂದೆಯೇ ಬಿದ್ದ. ಬಾಯಲ್ಲಿ ನೊರೆ, ಕೈಕಾಲು ಸೆಟೆದಿದ್ದವು. "ಕೀಲಿಕೈ ತರ್ರಿ, ಲಗೂನ!" ಎಂದು ಜನ ಕೂಗಿದರು. ಅಂಗಡಿಯ ಕೀಲಿಕೈಯನ್ನು ನಾನೇ ಅವನ ಮುಷ್ಟಿಗೆ ತುರುಕಿದೆ — ಸುಖವಾಯಿತು, ನಿಂಗಮ್ಮ. ಅಂಥ ಸುಖ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಅವನನ್ನು ಯಾದಗಿರಿಯ ಆಸ್ಪತ್ರೆಗೆ ಒಯ್ದಿರಿ. ಮರುದಿನ ನೀನು ಆ ಕಾಗದದ ಪೊಟ್ಟಣ ಹಿಡಿದು ಬಸ್ಸಿನಲ್ಲಿ ವಾಪಸು ಬಂದೆ.

"ಕಾಕಾ, ಇವು ಎದರ ಗುಳಿಗಿ ಹೇಳ್ರಿ. ಡಾಕ್ಟ್ರು ಕೇಳಾಕತ್ತಾರ."

"ಶಕ್ತೀವು, ತಂಗಿ. ಚಿಂತಿ ಮಾಡಬ್ಯಾಡ."

ಆಗ ನಿಜ ಹೇಳಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ನಾನು ನಿಲ್ಲಿಸಲಿಲ್ಲ. ನಿಮ್ಮಪ್ಪ ಮತ್ತೆ ಬಂದ, ಮತ್ತೆ ಕತ್ತರಿಸಿ ಕೊಟ್ಟೆ. ನಿನ್ನನ್ನು ನೋಡಲು ಬಂದ ಶಹಾಪುರದ ಗಂಡಿನವರ ಮುಂದೆಯೇ ಅವನು ಮತ್ತೊಮ್ಮೆ ಬಿದ್ದ. ಅವರು ಅಂಗಡಿಗೆ ಬಂದು ವಿಚಾರಿಸಿದಾಗ, "ಮನೆತನದ್ದೇ ಇರಬೇಕ್ರಿ" ಎಂದೆ. ಅವರು ಮತ್ತೆ ನಿಮ್ಮ ಮನೆಗೆ ಬರಲಿಲ್ಲ. ಶಾಂತಾಳಿಗೆ ಆದದ್ದು ನಿನಗೂ ಆಗಲಿ ಎಂದೇ ಅಂದೆ — ನೀನು ನನಗೇನೂ ಮಾಡಿರಲಿಲ್ಲ.

ಮೊನ್ನೆ ನನ್ನ ಮೊಣಕಾಲು ತೋರಿಸಲು ಹೋದಾಗ ಆ ಗುಳಿಗೆಯ ಬಗ್ಗೆ ಡಾಕ್ಟರನ್ನು ಕೇಳಿದೆ. ಫಿಟ್ಸ್ ಅಷ್ಟೇ ಅಲ್ಲ, ಮಿತಿಮೀರಿ ನುಂಗುತ್ತ ಹೋದರೆ ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಮಿದುಳಿನ ಜೀವಕೋಶಗಳೂ ಒಳಗೊಳಗೇ ಸವೆಯಬಹುದು ಎಂದರು. ಕೊನೆಕೊನೆಗೆ ನಿಮ್ಮಪ್ಪನಿಗೆ ಮಾತು ತಡವರಿಸುತ್ತಿತ್ತು, ನಿನ್ನ ಹೆಸರು ಮರೆಯುತ್ತಿತ್ತು. ಆದರೂ ನನ್ನ ಕೈ ಹಿಡಿದು, "ನನ್ನ ನೋವು ತಿಳಿದಾಂವ ನೀ ಒಬ್ಬನ ಬಸಣ್ಣಾ" ಎನ್ನುತ್ತಿದ್ದ. ಹಾಗೆ ನಂಬಿಕೊಂಡೇ ಸತ್ತ.

ಸೋಮವಾರ ನಿನ್ನ ಕಿರಿ ತಂಗಿಯನ್ನು ನೋಡಲು ಬರುವವರು ನಿನ್ನೆ ನನ್ನನ್ನು ಅದೇ ಪ್ರಶ್ನೆ ಕೇಳಿದರು — ಆ ರೋಗ ಮನೆತನದ್ದೇ ಎಂದು. "ಸೋಮವಾರ ಅಲ್ಲೇ ಹೇಳ್ತೀನ್ರಿ" ಎಂದು ಕಳಿಸಿದೆ. ಸೋಮವಾರ ನಿಮ್ಮ ಮನೆಗೆ ಬರುತ್ತೇನೆ. ಪಟ್ಟಿಯ ತುದಿಗಳು ಇನ್ನೂ ಡಬ್ಬಿಯಲ್ಲಿವೆ — ಗೆದ್ದವನ ಹಾಗೆ ಕೂಡಿಟ್ಟಿದ್ದೆ — ಅವನ್ನು ಅವರೆಲ್ಲರ ಮುಂದೆ ಸುರಿದು ಹೇಳುತ್ತೇನೆ. ಆಮೇಲೆ ಪೊಲೀಸರನ್ನು ಕರೆಯುವುದು ನಿನಗೆ ಬಿಟ್ಟದ್ದು.

ಇವತ್ತು ಬೆಳಿಗ್ಗೆ ಶಾಂತಾಳಿಗೆ ಹೇಳಿದೆ. "ಇದನ್ನ ನನ್ನ ಸಲುವಾಗಿ ಮಾಡಿದ್ಯಾ?" ಎಂದು ಕೇಳಿದಳು. ರೊಟ್ಟಿಯ ತಾಟು ನನ್ನ ಮುಂದೆ ಇಡಲಿಲ್ಲ. ಸೋಮವಾರ ಆಕೆಯೂ ಬರುತ್ತಾಳಂತೆ — ನಾನು ಅರ್ಧಕ್ಕೆ ನಿಲ್ಲಿಸಿದರೆ ಉಳಿದದ್ದನ್ನು ತಾನು ಹೇಳಲು.